ಎಲ್ಲರೂ ಹೂಂ ಎಂದರು, ಯಾರಿಗೂ ಬೇಕಿರಲಿಲ್ಲ: ಖರ್ಚು, ಪ್ರೀತಿ ಮತ್ತು ಅಭಿರುಚಿಯ ಬಗ್ಗೆ ಕಾಲೇಜು ಮನಸ್ಸಿನ ಲೆಕ್ಕಾಚಾರ

ಕಾಲೇಜು ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತುಗಳಲ್ಲಿ ಪಾಠ ಮತ್ತು ಪರೀಕ್ಷೆಯನ್ನು ಬದಿಗಿಟ್ಟರೆ ಉಳಿಯುವುದು ಬಹುಪಾಲು ಮೂರು ಸಂಗತಿಗಳು: ಕೈಯಲ್ಲಿರುವ ದುಡ್ಡು ತಿಂಗಳ ಕೊನೆಯವರೆಗೆ ಸಾಲುತ್ತದೆಯೋ ಇಲ್ಲವೋ, ಆ ಒಬ್ಬರಿಗೆ ನನ್ನ ಮೇಲೆ ಮನಸ್ಸಿದೆಯೋ ಇಲ್ಲವೋ, ಮತ್ತು ಎಲ್ಲರೂ ನೋಡಿ ಮುಗಿಸಿರುವ ಆ ಸೀರೀಸನ್ನು ನಾನು ಯಾವಾಗ ನೋಡುವುದು. ಹಿರಿಯರ ಕಿವಿಗೆ ಇದೆಲ್ಲ ಹರಟೆಯಾಗಿ ಕೇಳಿಸುತ್ತದೆ. ಆದರೆ ಈ ಮೂರಕ್ಕೂ ಒಂದು ಸಮಾನ ಗುಣವಿದೆ. ಮೂರರಲ್ಲೂ ತೀರ್ಮಾನ ಒಬ್ಬರದೇ ಆದರೂ ಅದನ್ನು ತೆಗೆದುಕೊಳ್ಳುವುದು ಓರಗೆಯವರ ಕಣ್ಣೆದುರಿಗೆ, ಅವರು ಏನೆಂದುಕೊಂಡಾರು ಎಂಬ ಅಂದಾಜಿನ ಮೇಲೆ. ಆ ಅಂದಾಜು ಎಷ್ಟರ ಮಟ್ಟಿಗೆ ಸರಿಯಾಗಿರುತ್ತದೆ ಎಂಬುದನ್ನು ಸಮಾಜ ಮನೋವಿಜ್ಞಾನಿಗಳು ಸುಮಾರು ಒಂದು ಶತಮಾನದಿಂದ ಅಳೆಯುತ್ತ ಬಂದಿದ್ದಾರೆ. ಅಳತೆಯಲ್ಲಿ ಸಿಕ್ಕಿರುವ ಉತ್ತರ ಸ್ವಲ್ಪ ವಿಚಿತ್ರವಾದದ್ದು: ಈ ಅಂದಾಜು ಆಗಾಗ ತಪ್ಪುತ್ತದೆ, ಮತ್ತು ಅನೇಕ ಸಂದರ್ಭಗಳಲ್ಲಿ ಎಲ್ಲರ ಅಂದಾಜೂ ಒಂದೇ ದಿಕ್ಕಿಗೆ ತಪ್ಪುತ್ತದೆ.

ಈ ವಿದ್ಯಮಾನವನ್ನು ಮೊದಲು ಗುರುತಿಸಿದ್ದೇ ವಿದ್ಯಾರ್ಥಿಗಳ ನಡುವೆ. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನೋಧರ್ಮವನ್ನು ಕುರಿತು ಡೇನಿಯಲ್ ಕಾಟ್ಜ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ 1931ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನ ಸದಸ್ಯರು ಒಳಗೊಳಗೆ ಒಪ್ಪದ ನಿಯಮವನ್ನೇ ‘ಉಳಿದವರೆಲ್ಲ ಒಪ್ಪಿದ್ದಾರೆ’ ಎಂಬ ನಂಬಿಕೆಯಿಂದ ಪಾಲಿಸಿಕೊಂಡು ಹೋಗುತ್ತಿರುತ್ತಾರೆ ಎಂಬ ಸುಳಿವು ಸಿಕ್ಕಿತ್ತು. ಇದನ್ನು ಸಾಮೂಹಿಕ ತಪ್ಪುಗ್ರಹಿಕೆ ಎಂದು ಕರೆಯೋಣ. ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಇದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿದರು. ಕ್ಯಾಂಪಸ್ಸಿನಲ್ಲಿ ನಡೆಯುವ ಮದ್ಯಪಾನದ ಬಗ್ಗೆ ನಿಮಗೆಷ್ಟು ಸಮಾಧಾನವಿದೆ, ಇಲ್ಲಿನ ಸಾಮಾನ್ಯ ವಿದ್ಯಾರ್ಥಿಗೆ ಎಷ್ಟು ಸಮಾಧಾನವಿರಬಹುದು ಎಂಬ ಎರಡು ಪ್ರಶ್ನೆಗಳನ್ನು ಅವರು ಕೇಳಿದ್ದರು. ತಮಗೆ ಅಷ್ಟೇನೂ ಹಿತವೆನಿಸದಿದ್ದರೂ ಉಳಿದವರಿಗೆ ಅದು ಸಹಜವಾಗಿಯೇ ಇದೆ ಎಂದು ವಿದ್ಯಾರ್ಥಿಗಳು ಉತ್ತರಿಸಿದರು. ಪ್ರತಿಯೊಬ್ಬರೂ ಹೀಗೆಯೇ ಹೇಳಿದರೆ ‘ಉಳಿದವರು’ ಎಂಬವರು ಎಲ್ಲಿಂದ ಬಂದರು? ಕಾರಣ ಸರಳವಾಗಿದೆ. ನಮ್ಮ ಅಳುಕು ನಮಗೆ ಒಳಗಿನಿಂದ ಗೊತ್ತು. ಇನ್ನೊಬ್ಬರದನ್ನು ತಿಳಿಯಬೇಕಾದರೆ ಅವರ ಮುಖವನ್ನೇ ನೋಡಬೇಕು, ಮತ್ತು ಆ ಮುಖದ ಮೇಲಿರುವುದು ನಮ್ಮ ಮುಖದ ಮೇಲಿರುವಂಥದೇ ನಗು.

ಖರ್ಚಿನ ವಿಷಯದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಆರು ಜನ ಗೆಳೆಯರು ಪರೀಕ್ಷೆ ಮುಗಿದ ಮೇಲೆ ಎರಡು ದಿನದ ಪ್ರವಾಸಕ್ಕೆ ಹೋಗುವ ಮಾತು ಎತ್ತುತ್ತಾರೆ. ಮೊದಲು ಬಸ್ಸಿನಲ್ಲಿ ಹೋಗುವುದೆಂದು ಇರುತ್ತದೆ. ಯಾರೋ ಒಬ್ಬರು ಕಾರು ಬಾಡಿಗೆಗೆ ತೆಗೆದುಕೊಂಡರೆ ಆರಾಮ ಎನ್ನುತ್ತಾರೆ, ಯಾರೂ ಬೇಡವೆನ್ನುವುದಿಲ್ಲ. ಇನ್ನೊಬ್ಬರು ಉಳಿದುಕೊಳ್ಳಲು ಇನ್ನೂ ಚೆನ್ನಾಗಿರುವ ಒಂದು ಜಾಗದ ಫೋಟೊ ಕಳಿಸುತ್ತಾರೆ. ಗ್ರೂಪಿನಲ್ಲಿ ಹೆಬ್ಬೆರಳ ಗುರುತುಗಳು ಒಂದರ ಹಿಂದೊಂದು ಬೀಳುತ್ತವೆ. ಅಷ್ಟು ಹೊತ್ತಿಗೆ ಆರು ಜನರಲ್ಲಿ ನಾಲ್ವರು ತಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಎರಡೆರಡು ಸಲ ನೋಡಿಕೊಂಡಿರುತ್ತಾರೆ. ಆದರೂ ಸುಮ್ಮನಿರುತ್ತಾರೆ, ಏಕೆಂದರೆ ‘ಇದು ಜಾಸ್ತಿಯಾಯಿತು’ ಎಂಬ ಮಾತು ಪ್ರವಾಸದ ಬಗೆಗಿನ ಅಭಿಪ್ರಾಯವಾಗಿ ಉಳಿಯದೆ ಹೇಳಿದವರ ಮನೆಯ ಆರ್ಥಿಕ ಸ್ಥಿತಿಯ ಪ್ರಕಟಣೆಯಾಗಿಬಿಡುತ್ತದೆ. ಚಿತ್ರಣದ ಇನ್ನೊಂದು ಬದಿಯನ್ನು ನಾವು ಮರೆಯುತ್ತೇವೆ: ಕಾರಿನ ಸಲಹೆ ಕೊಟ್ಟವರಿಗೂ ಅದು ಬೇಕೇ ಬೇಕೆಂದಿರಲಿಲ್ಲ. ಉಳಿದವರಿಗೆ ಬಸ್ಸು ಹಿಡಿಸಲಿಕ್ಕಿಲ್ಲ ಎಂದುಕೊಂಡು ಅವರು ಹಾಗೆ ಹೇಳಿದ್ದರು. ಯಾರಿಗೂ ಬೇಕಿಲ್ಲದ ಖರ್ಚಿಗೆ ಎಲ್ಲರೂ ಒಪ್ಪಿಗೆ ಕೊಟ್ಟಂತಾಯಿತು, ಮತ್ತು ಆ ಒಪ್ಪಿಗೆಯೇ ಮುಂದಿನ ಪ್ರವಾಸದ ಕನಿಷ್ಠ ಮಟ್ಟವಾಗಿ ನಿಂತಿತು.

ಇದರ ಜೊತೆಗೆ ಶುದ್ಧ ಗಣಿತದ ಒಂದು ಮೋಸವೂ ಸೇರಿಕೊಳ್ಳುತ್ತದೆ. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞರು 1991ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಹೆಚ್ಚಿನವರಿಗೆ ತಮ್ಮ ಸ್ನೇಹಿತರಿಗಿಂತ ಕಡಿಮೆ ಸ್ನೇಹಿತರು ಇರುತ್ತಾರೆ ಎಂದು ತೋರಿಸಿದ್ದರು. ಬಹಳ ಜನರ ಪರಿಚಯವಿರುವ ವ್ಯಕ್ತಿ ಬಹಳ ಜನರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣ. ಇದೇ ತರ್ಕವನ್ನು ಖರ್ಚಿಗೆ ಅನ್ವಯಿಸಿ ನೋಡಿ. ನೂರು ಜನರ ಒಂದು ತರಗತಿಯಲ್ಲಿ ಹತ್ತು ಜನ ತಿಂಗಳಿಗೆ ನಾಲ್ಕು ಸಲ ಹೊರಗೆ ಹೋಗಿ ಖರ್ಚು ಮಾಡುತ್ತಾರೆ, ಉಳಿದ ತೊಂಬತ್ತು ಜನ ಒಂದೇ ಸಲ ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ತಿಂಗಳಲ್ಲಿ ಒಟ್ಟು ನೂರಾಮೂವತ್ತು ಹಾಜರಿಗಳಾದವು. ಅವುಗಳಲ್ಲಿ ನಲವತ್ತು ಆ ಹತ್ತೇ ಜನರವು. ಹೊರಗೆ ಹೋದಾಗ ನಿಮ್ಮ ಕಣ್ಣಿಗೆ ಬೀಳುವ ಸಹಪಾಠಿಗಳಲ್ಲಿ ಹತ್ತಿರಹತ್ತಿರ ಮೂರನೆಯ ಒಂದು ಭಾಗ ಸದಾ ತಿರುಗಾಡುವವರೇ ಆಗಿರುತ್ತಾರೆ, ತರಗತಿಯಲ್ಲಿ ಅವರು ಹತ್ತರಲ್ಲಿ ಒಬ್ಬರಷ್ಟೇ ಆಗಿದ್ದರೂ. ಫೋಟೊಗಳನ್ನು ಹಂಚಿಕೊಳ್ಳುವ ಆ್ಯಪ್‌ಗಳಲ್ಲಿ ಈ ಅನುಪಾತ ಇನ್ನಷ್ಟು ಹದಗೆಡುತ್ತದೆ. ಹೊರಗೆ ಹೋದ ಸಂಜೆಗೆ ಫೋಟೊ ಇರುತ್ತದೆ; ಕೋಣೆಯಲ್ಲಿ ಕುಳಿತು ಹಳೆಯ ನೋಟ್ಸು ತಿರುವಿದ ಸಂಜೆಯ ಫೋಟೊವನ್ನು ಯಾರೂ ಹಾಕುವುದಿಲ್ಲ. ಖರ್ಚು ಕಾಣುತ್ತದೆ, ಉಳಿತಾಯ ಕಾಣುವುದಿಲ್ಲ. ಹೀಗಿರುವಾಗ ‘ಎಲ್ಲರೂ ನನಗಿಂತ ಹೆಚ್ಚು ಮಜಾ ಮಾಡುತ್ತಿದ್ದಾರೆ’ ಎಂಬ ಭಾವನೆಯನ್ನು ಹೊಟ್ಟೆಕಿಚ್ಚು ಎಂದು ಬಯ್ಯುವುದು ಅನ್ಯಾಯವೆಂದು ನನಗೆ ತೋರುತ್ತದೆ. ಎದುರಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೂ ಅದೇ ತಪ್ಪು ಉತ್ತರ ಬರುತ್ತದೆ.

ಹಣದ ವಿಷಯದಲ್ಲಿ ಓರಗೆಯವರಿಗೆ ಸಂಬಂಧವಿಲ್ಲದ, ನಮ್ಮ ತಲೆಯೊಳಗೇ ನಡೆಯುವ ಗೊಂದಲಗಳೂ ಇವೆ. ದುಡ್ಡಿಗೆ ಬಣ್ಣವಿಲ್ಲವೆಂದು ಅರ್ಥಶಾಸ್ತ್ರ ಹೇಳುತ್ತದೆ, ಆದರೆ ಮನಸ್ಸು ಅದನ್ನು ಬೇರೆಬೇರೆ ಡಬ್ಬಿಗಳಲ್ಲಿ ಹಾಕಿಟ್ಟುಕೊಳ್ಳುತ್ತದೆ. ಆಮೋಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1981ರಲ್ಲಿ ಕೇಳಿದ ಒಂದು ಪ್ರಶ್ನೆ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ನಾಟಕಕ್ಕೆಂದು ಹೊರಟ ನೀವು ಟಿಕೆಟ್ ಕೊಳ್ಳುವ ಮೊದಲು ಟಿಕೆಟ್ಟಿನ ಬೆಲೆಯಷ್ಟೇ ಮೊತ್ತದ ನೋಟು ಕಳೆದುಹೋಗಿದ್ದನ್ನು ಗಮನಿಸುತ್ತೀರಿ; ಆದರೂ ಟಿಕೆಟ್ ಕೊಳ್ಳುತ್ತೀರಾ ಎಂದು ಕೇಳಿದಾಗ ನೂರಕ್ಕೆ 88 ಜನ ಹೌದೆಂದರು. ಮೊದಲೇ ಕೊಂಡಿದ್ದ ಟಿಕೆಟ್ಟೇ ಕಳೆದುಹೋದರೆ ಇನ್ನೊಂದನ್ನು ಕೊಳ್ಳುತ್ತೀರಾ ಎಂದು ಬೇರೊಂದು ಗುಂಪನ್ನು ಕೇಳಿದಾಗ ಹೌದೆಂದವರು 46 ಮಾತ್ರ. ಎರಡರಲ್ಲೂ ನಷ್ಟ ಒಂದೇ. ಎರಡನೆಯದರಲ್ಲಿ ಮಾತ್ರ ಅದು ‘ನಾಟಕದ ಖಾತೆ’ಗೆ ಎರಡು ಸಲ ಬೀಳುತ್ತದೆ. ರಿಚರ್ಡ್ ಥೇಲರ್ ಇದನ್ನು ಮಾನಸಿಕ ಲೆಕ್ಕಪತ್ರದ ಸಿದ್ಧಾಂತವಾಗಿ ಬೆಳೆಸಿದರು. ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಪಠ್ಯಪುಸ್ತಕವನ್ನು ಕೊಳ್ಳುವಾಗ ಹತ್ತು ಕಡೆ ಬೆಲೆ ವಿಚಾರಿಸುವ ವಿದ್ಯಾರ್ಥಿ ಸಂಗೀತ ಕಾರ್ಯಕ್ರಮದ ಟಿಕೆಟ್ಟನ್ನು ಮರುಯೋಚನೆಯಿಲ್ಲದೆ ಕೊಳ್ಳುವುದಕ್ಕೆ ಈ ಡಬ್ಬಿಗಳೇ ಕಾರಣ.

ಪಾವತಿಯ ವಿಧಾನವೂ ಇದಕ್ಕೆ ಸೇರುತ್ತದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಬಿಎ ವಿದ್ಯಾರ್ಥಿಗಳಿಂದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟುಗಳಿಗೆ ಬಿಡ್ ಕರೆಯಲಾಗಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಕೊಡಬಹುದೆಂದು ತಿಳಿಸಿದ್ದವರ ಸರಾಸರಿ ಬಿಡ್, ನಗದು ಕೊಡಬೇಕೆಂದು ತಿಳಿಸಿದ್ದವರ ಬಿಡ್‌ಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಕಂತಿನಲ್ಲಿ ಕೊಡುವ, ಈಗ ಕೊಂಡು ಆಮೇಲೆ ಕೊಡುವ ಸೌಲಭ್ಯಗಳು ನಿಂತಿರುವುದು ಇದೇ ಸೂತ್ರದ ಮೇಲೆ: ಕೊಡುವ ನೋವನ್ನು ಕೊಳ್ಳುವ ಖುಷಿಯಿಂದ ಆದಷ್ಟು ದೂರ ಇಡುವುದು. ಇದನ್ನು ಇಲ್ಲಿಗೇ ಬಿಡುತ್ತೇನೆ. ವಿದ್ಯಾರ್ಥಿಗಳಿಗೆ ಇದರ ಬಗ್ಗೆ ಎಚ್ಚರಿಕೆ ಕೊಡುವವರಿಗೇನೂ ಕೊರತೆಯಿಲ್ಲ.

ಪ್ರೀತಿಯ ವಿಷಯಕ್ಕೆ ಬಂದರೆ, ಅದು ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಸಂಶೋಧನೆ ಕೊಡುವ ಉತ್ತರ ಕವಿಗಳಿಗೆ ನಿರಾಸೆ ತರುವಂಥದು. ಸ್ನೇಹವಾಗಲಿ ಆಕರ್ಷಣೆಯಾಗಲಿ ಬಹುಮಟ್ಟಿಗೆ ಹತ್ತಿರದಲ್ಲಿರುವವರ ನಡುವೆಯೇ ಹುಟ್ಟುತ್ತದೆ. ಲಿಯೊನ್ ಫೆಸ್ಟಿಂಗರ್ ಮತ್ತು ಅವರ ಸಹೋದ್ಯೋಗಿಗಳು ಎಂಐಟಿಯ ವಿದ್ಯಾರ್ಥಿ ವಸತಿಗಳಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮಹಡಿಯ ಪಕ್ಕದ ಬಾಗಿಲಿನವರನ್ನು ಆಪ್ತ ಸ್ನೇಹಿತರೆಂದು ಹೆಸರಿಸಿದ ಪ್ರಮಾಣ ಶೇ. 41 ಇದ್ದರೆ, ಮಹಡಿಯ ಎರಡು ತುದಿಗಳಲ್ಲಿದ್ದವರ ನಡುವೆ ಅದು ಶೇ. 10ಕ್ಕೆ ಇಳಿದಿತ್ತು. ನಡುವಿನ ದೂರ ಕೆಲವು ಹೆಜ್ಜೆಗಳಷ್ಟೇ. ತರಗತಿಯೊಳಗೇ ನಡೆದ ಇನ್ನೊಂದು ಪ್ರಯೋಗ ಇನ್ನೂ ಚೆಂದದ್ದು. ರಿಚರ್ಡ್ ಮೋರ್‌ಲ್ಯಾಂಡ್ ಮತ್ತು ಸ್ಕಾಟ್ ಬೀಚ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ದೊಡ್ಡ ತರಗತಿಗೆ, ನೋಡಲು ಹೆಚ್ಚುಕಡಿಮೆ ಒಂದೇ ಥರ ಇದ್ದ ನಾಲ್ವರು ಯುವತಿಯರನ್ನು ಗೊತ್ತು ಮಾಡಿದ್ದರು. ಅವರಲ್ಲಿ ಒಬ್ಬರು ತರಗತಿಗೆ ಬರಲೇ ಇಲ್ಲ, ಒಬ್ಬರು ಐದು ಸಲ, ಇನ್ನೊಬ್ಬರು ಹತ್ತು ಸಲ, ಮತ್ತೊಬ್ಬರು ಹದಿನೈದು ಸಲ ಬಂದು ಕುಳಿತರು. ಯಾರ ಜೊತೆಗೂ ಮಾತಾಡಲಿಲ್ಲ. ಸೆಮಿಸ್ಟರ್ ಮುಗಿದ ಮೇಲೆ ನಾಲ್ವರ ಫೋಟೊ ತೋರಿಸಿದಾಗ, ಹೆಚ್ಚು ಸಲ ಬಂದವರನ್ನು ವಿದ್ಯಾರ್ಥಿಗಳು ಹೆಚ್ಚು ಆಕರ್ಷಕರೆಂದು ಗುರುತಿಸಿದರು. 1992ರಲ್ಲಿ ಪ್ರಕಟವಾದ ಈ ಫಲಿತಾಂಶ, ಮೊದಲ ನೋಟದ ಪ್ರೇಮಕ್ಕಿಂತ ಹದಿನೈದನೆಯ ನೋಟದ ಪ್ರೇಮಕ್ಕೆ ಹೆಚ್ಚು ಅವಕಾಶವಿದೆ ಎನ್ನುತ್ತದೆ.

ಮನಸ್ಸಾಯಿತು ಎಂದುಕೊಳ್ಳೋಣ. ಆಮೇಲೆ ಮಾತೇಕೆ ಹೊರಡುವುದಿಲ್ಲ? ಇಲ್ಲಿ ಮತ್ತೆ ಅದೇ ತಪ್ಪುಗ್ರಹಿಕೆ ಎದುರಾಗುತ್ತದೆ, ಈ ಸಲ ಇಬ್ಬರ ನಡುವೆ. ಜಾಕಿ ವೊರಾವರ್ ಮತ್ತು ರೆಬೆಕಾ ರ‍್ಯಾಟ್ನರ್ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಹೀಗಿದೆ: ತಾನು ಮೊದಲ ಹೆಜ್ಜೆ ಇಡದಿರುವುದಕ್ಕೆ ಕಾರಣವೇನೆಂದು ಕೇಳಿದರೆ ಜನರು ‘ಬೇಡವೆನ್ನಿಸಿಕೊಳ್ಳುವ ಭಯ’ ಎನ್ನುತ್ತಾರೆ, ಎದುರಿನವರು ಹೆಜ್ಜೆ ಇಡದಿರುವುದಕ್ಕೆ ಕಾರಣವೇನೆಂದು ಕೇಳಿದರೆ ‘ಅವರಿಗೆ ಆಸಕ್ತಿಯಿಲ್ಲ’ ಎನ್ನುತ್ತಾರೆ. ವರ್ತನೆ ಒಂದೇ, ಇಬ್ಬರೂ ಸುಮ್ಮನಿದ್ದಾರೆ. ಒಬ್ಬರ ಮೌನಕ್ಕೆ ಅಂಜಿಕೆಯ ಅರ್ಥ ಸಿಗುತ್ತದೆ, ಇನ್ನೊಬ್ಬರ ಮೌನಕ್ಕೆ ನಿರಾಕರಣೆಯ ಅರ್ಥ ಸಿಗುತ್ತದೆ. ಇಬ್ಬರಿಗೂ ಮನಸ್ಸಿದ್ದಾಗ ಇಬ್ಬರೂ ಹೀಗೆಯೇ ಲೆಕ್ಕ ಹಾಕುತ್ತ ಕುಳಿತರೆ ಸೆಮಿಸ್ಟರುಗಳು ಕಳೆದುಹೋಗುತ್ತವೆ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಈ ಸಂಶೋಧನೆ ಯಾರೂ ಏನನ್ನೂ ಹೇಳದ ಮೊದಲ ಘಟ್ಟಕ್ಕೆ ಸಂಬಂಧಿಸಿದ್ದು. ‘ಬೇಡ’ ಎಂದು ಹೇಳಿದ ಮೇಲೆ, ಅಥವಾ ಬೇಡವೆಂಬುದನ್ನು ನಡವಳಿಕೆಯಲ್ಲಿ ಸ್ಪಷ್ಟಪಡಿಸಿದ ಮೇಲೂ ‘ಒಳಗೊಳಗೆ ಇಷ್ಟವಿದೆ, ನಾಚಿಕೆ ಅಷ್ಟೆ’ ಎಂದು ಅರ್ಥ ಮಾಡಿಕೊಳ್ಳುವವರಿಗೆ ಇದರಲ್ಲಿ ಯಾವ ಆಧಾರವೂ ಇಲ್ಲ. ಸಿನಿಮಾಗಳು ಈ ವ್ಯತ್ಯಾಸವನ್ನು ಎಷ್ಟೋ ವರ್ಷಗಳಿಂದ ಅಳಿಸಿಹಾಕುತ್ತ ಬಂದಿವೆ, ಆ ಕಾರಣಕ್ಕಾಗಿಯೇ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಮೌನವನ್ನು ಮುರಿಯಬೇಕೆಂದುಕೊಂಡವರು ಸಾಮಾನ್ಯವಾಗಿ ಆಯ್ದುಕೊಳ್ಳುವ ದಾರಿ ಮೊಬೈಲಿನದು. ಅಲ್ಲಿ ನಡೆಯುವುದನ್ನು ಗಮನಿಸಿ. ‘ನಾಳೆ ಫ್ರೀ ಇದ್ದೀಯಾ’ ಎಂದು ಟೈಪ್ ಮಾಡಿ ಅಳಿಸಲಾಗುತ್ತದೆ. ‘ನಾಳೆ ನಾವೆಲ್ಲ ಲೈಬ್ರರಿಗೆ ಹೋಗ್ತಿದ್ದೀವಿ, ಬರ್ತೀಯಾ’ ಎಂದಾಗುತ್ತದೆ. ‘ನಾವೆಲ್ಲ’ ಎಂಬುದಕ್ಕೆ ಬೇಕಾದ ಉಳಿದವರನ್ನು ಇನ್ನೂ ಕರೆದಿರುವುದಿಲ್ಲ. ಅದೂ ಅಳಿಸಿಹೋಗಿ ಕೊನೆಗೆ ಹೋಗುವುದು ‘ಅಸೈನ್‌ಮೆಂಟ್ ಮುಗೀತಾ’ ಎಂಬ ಸಂದೇಶ. ಇದನ್ನು ಹೇಡಿತನವೆಂದು ನಗುವುದು ಸುಲಭ. ಆದರೆ ಸ್ಟೀವನ್ ಪಿಂಕರ್ ಮತ್ತು ಅವರ ಸಂಗಡಿಗರು 2008ರಲ್ಲಿ ವಿವರಿಸಿದಂತೆ, ಪರೋಕ್ಷವಾದ ಮಾತಿಗೆ ತನ್ನದೇ ಆದ ತರ್ಕವಿದೆ. ಎದುರಿನವರ ಮನಸ್ಸು ಗೊತ್ತಿಲ್ಲದಿರುವಾಗ, ಒಪ್ಪುವವರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿಯೂ ಒಪ್ಪದವರ ಎದುರು ‘ನಾನು ಹಾಗಂದಿರಲಿಲ್ಲ’ ಎನ್ನಬಹುದಾದಷ್ಟು ಮಸುಕಾಗಿಯೂ ಇರುವ ಮಾತು ಆಡುವವರಿಗೆ ಲಾಭದಾಯಕ. ತೊಂದರೆ ಇರುವುದು ಕೇಳುವವರ ಕಡೆಗೆ. ಸಂದೇಶ ಓದಿದ ಗುರುತು ಮೂಡಿದೆ, ಉತ್ತರ ಬಂದಿಲ್ಲ ಎಂದು ಕಳಿಸಿದವರು ತಳಮಳಿಸುತ್ತಿರುವ ಹೊತ್ತಿನಲ್ಲೇ, ಅಸೈನ್‌ಮೆಂಟಿನ ಪ್ರಶ್ನೆಗೆ ಅಸೈನ್‌ಮೆಂಟಿನ ಉತ್ತರ ಕೊಟ್ಟರೆ ಸಾಕೋ ಇನ್ನೇನಾದರೂ ಸೇರಿಸಬೇಕೋ ಎಂದು ಓದಿದವರು ಯೋಚಿಸುತ್ತಿರಬಹುದು.

ಸಂಬಂಧ ಕುದುರಿದ ಮೇಲೆ ದುಡ್ಡು ಮತ್ತೆ ಕಥೆಯೊಳಗೆ ಬರುತ್ತದೆ, ಮುಖ್ಯವಾಗಿ ಉಡುಗೊರೆಯ ರೂಪದಲ್ಲಿ. ಉಡುಗೊರೆಯ ಬೆಲೆ ಹೆಚ್ಚಿದಷ್ಟೂ ಅದನ್ನು ಪಡೆದವರ ಮೆಚ್ಚುಗೆ ಹೆಚ್ಚುತ್ತದೆ ಎಂದು ಕೊಡುವವರು ನಂಬಿರುತ್ತಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯೆಲ್ ಆ್ಯಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಪಡೆದವರನ್ನು ಕೇಳಿದಾಗ ಅಂಥ ಸಂಬಂಧವೇನೂ ಕಾಣಲಿಲ್ಲ. ನಿಶ್ಚಿತಾರ್ಥದ ಉಂಗುರದ ವಿಷಯದಲ್ಲೂ ಇದೇ ಫಲಿತಾಂಶ ಬಂದಿತ್ತು. ಸೋಜಿಗವೆಂದರೆ, ಕೊಡುವವರೂ ಬೇರೆ ದಿನಗಳಲ್ಲಿ ಪಡೆಯುವವರೇ. ಪಡೆಯುವಾಗ ತಮಗೆ ಬೆಲೆ ಮುಖ್ಯವಾಗಿರಲಿಲ್ಲ ಎಂಬ ಅನುಭವ ಕೊಡುವಾಗ ನೆನಪಿಗೆ ಬರುವುದಿಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೂ ಗೆಳೆಯರಿಂದ ಸಾಲ ಮಾಡಿ ಹುಟ್ಟುಹಬ್ಬಕ್ಕೆ ದುಬಾರಿ ವಸ್ತು ತರುವ ವಿದ್ಯಾರ್ಥಿ ಯಾರ ಒತ್ತಾಯಕ್ಕೆ ಮಣಿದಿದ್ದಾನೆ ಎಂದು ಹುಡುಕಿದರೆ, ಆ ಒತ್ತಾಯ ಮಾಡಿದವರು ಯಾರೂ ಸಿಗಲಾರರು.

ಖರ್ಚಿನ ಸ್ವಭಾವವೇ ಬೇರೆಬೇರೆಯಾಗಿದ್ದರೆ ಏನಾಗುತ್ತದೆ ಎಂಬ ಬಗ್ಗೆಯೂ ಒಂದು ಕುತೂಹಲಕರ ಮಾಹಿತಿಯಿದೆ. ಸ್ಕಾಟ್ ರಿಕ್, ಡೆಬೊರಾ ಸ್ಮಾಲ್ ಮತ್ತು ಈಲೈ ಫಿಂಕೆಲ್ 2011ರಲ್ಲಿ ವಿವಾಹಿತರ ಬಗ್ಗೆ ಪ್ರಕಟಿಸಿದ ಲೇಖನದ ಪ್ರಕಾರ, ದುಡ್ಡು ಬಿಚ್ಚಲು ಸಂಕಟಪಡುವವರು ಮತ್ತು ಲೆಕ್ಕವಿಲ್ಲದೆ ಬಿಚ್ಚುವವರು ಒಬ್ಬರಿಗೊಬ್ಬರು ಆಕರ್ಷಿತರಾಗುವ ಒಲವು ಕಾಣುತ್ತದೆ. ತನ್ನಲ್ಲಿ ತನಗೇ ಹಿಡಿಸದ ಗುಣವಿಲ್ಲದವರು ಹಿಡಿಸುತ್ತಾರೆ. ಆದರೆ ಹಾಗೆ ಜೊತೆಯಾದವರ ನಡುವೆ ಮುಂದೆ ಹಣದ ವಿಷಯದ ಜಗಳಗಳೂ ಹೆಚ್ಚು. ಕಾಲೇಜು ದಿನಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಹೊರಬೀಳುವುದಿಲ್ಲ, ಏಕೆಂದರೆ ಇಬ್ಬರೂ ತೋರಿಸಿಕೊಳ್ಳುವ ಉದಾರತೆ ಒಂದೇ ಮಟ್ಟದಲ್ಲಿರುತ್ತದೆ.

ಇನ್ನು ಸಿನಿಮಾ, ಸಂಗೀತ, ಸೀರೀಸುಗಳ ಲೋಕ. ಹೊಸಬರ ಜೊತೆ ಮಾತು ಆರಂಭಿಸುವಾಗ ವಿದ್ಯಾರ್ಥಿಗಳು ‘ನಿನಗೆ ಯಾವ ಥರದ ಹಾಡು ಇಷ್ಟ’ ಎಂದು ಕೇಳುವುದು ಹೊತ್ತು ಕಳೆಯಲು ಮಾತ್ರವೇ ಅಲ್ಲ. ಪೀಟರ್ ರೆಂಟ್‌ಫ್ರೋ ಮತ್ತು ಸ್ಯಾಮ್ ಗಾಸ್ಲಿಂಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತ ವಿದ್ಯಾರ್ಥಿಗಳನ್ನು ಆನ್‌ಲೈನಿನಲ್ಲಿ ಪರಸ್ಪರ ಪರಿಚಯ ಮಾಡಿಕೊಳ್ಳಲು ಬಿಟ್ಟಾಗ ಅವರ ಮಾತಿನಲ್ಲಿ ಹೆಚ್ಚಾಗಿ ಬಂದ ವಿಷಯ ಸಂಗೀತವೇ. ಒಬ್ಬರಿಗೆ ಪ್ರಿಯವಾದ ಹತ್ತು ಹಾಡುಗಳನ್ನಷ್ಟೇ ಕೇಳಿಸಿಕೊಂಡ ಅಪರಿಚಿತರು ಅವರ ಸ್ವಭಾವದ ಕೆಲವು ಮುಖಗಳನ್ನು, ವಿಶೇಷವಾಗಿ ಹೊಸ ಅನುಭವಗಳಿಗೆ ಅವರು ಎಷ್ಟು ತೆರೆದುಕೊಂಡಿದ್ದಾರೆ ಎಂಬುದನ್ನು, ತಕ್ಕಮಟ್ಟಿಗೆ ಸರಿಯಾಗಿಯೇ ಊಹಿಸಿದರು. ಹಾಡುಗಳ ಪಟ್ಟಿ ಒಂದು ಬಗೆಯ ಗುರುತಿನ ಚೀಟಿ ಎಂದಾಯಿತು. ಗುರುತಿನ ಚೀಟಿಯಾದ ಮೇಲೆ ಅದನ್ನು ತಿದ್ದುವ ಆಸೆಯೂ ಬರುತ್ತದೆ: ಪ್ರತಿದಿನ ಕೇಳುವ ಹಾಡು ಒಂದು, ಕೇಳುತ್ತೇನೆಂದು ಹೇಳುವ ಹಾಡು ಇನ್ನೊಂದು. ಅಗ್ಗವೆನಿಸಿಕೊಂಡ ಹಾಡಿಗೆ ಮನಸೋತವರು ಇಯರ್‌ಫೋನಿನ ಮರೆಯಲ್ಲಿ ಕೇಳುತ್ತಾರೆ. ಪಕ್ಕದವರೂ ತಮ್ಮ ಇಯರ್‌ಫೋನಿನಲ್ಲಿ ಅದನ್ನೇ ಕೇಳುತ್ತಿರಬಹುದೆಂಬ ಯೋಚನೆ ಬರುವುದಿಲ್ಲ.

ಈ ಮುಜುಗರ ಎಷ್ಟು ಅನಗತ್ಯ ಎಂಬುದನ್ನು ಅಳೆದ ಪ್ರಯೋಗವೂ ಒಂದಿದೆ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ, ಒಬ್ಬ ವಿದ್ಯಾರ್ಥಿಗೆ ಗಾಯಕ ಬ್ಯಾರಿ ಮ್ಯಾನಿಲೋ ಅವರ ದೊಡ್ಡ ಚಿತ್ರವಿದ್ದ ಟೀ ಶರ್ಟನ್ನು ತೊಡಿಸಲಾಗುತ್ತಿತ್ತು. ಆ ತಲೆಮಾರಿನ ವಿದ್ಯಾರ್ಥಿಗಳ ದೃಷ್ಟಿಯಲ್ಲಿ ಅದನ್ನು ತೊಟ್ಟು ಓಡಾಡುವುದೆಂದರೆ ಮಾನ ಹೋದಂತೆ. ಅದನ್ನು ತೊಟ್ಟು, ಓರಗೆಯವರು ಕುಳಿತು ಪ್ರಶ್ನಾವಳಿ ತುಂಬುತ್ತಿದ್ದ ಕೋಣೆಯೊಳಗೆ ಸ್ವಲ್ಪ ತಡವಾಗಿ ಕಾಲಿಟ್ಟು, ಕೆಲವೇ ಕ್ಷಣಗಳಲ್ಲಿ ಹೊರಗೆ ಬರಬೇಕಿತ್ತು. ಎಷ್ಟು ಜನ ಆ ಚಿತ್ರವನ್ನು ಗುರುತಿಸಿರಬಹುದು ಎಂದು ಕೇಳಿದಾಗ ತೊಟ್ಟವರು ಹೇಳಿದ್ದು ಹೆಚ್ಚುಕಡಿಮೆ ಅರ್ಧದಷ್ಟು ಎಂದು. ನಿಜವಾಗಿ ಗುರುತಿಸಿದ್ದವರು ಅದರ ಅರ್ಧ, ಅಂದರೆ ಸುಮಾರು ಕಾಲುಭಾಗ. ಹೆಮ್ಮೆಯಿಂದ ತೊಡಬಹುದಾದ ಚಿತ್ರಗಳನ್ನು ಅವರವರೇ ಆರಿಸಿಕೊಂಡು ತೊಟ್ಟಾಗ ಅಂತರ ಇನ್ನೂ ಹೆಚ್ಚಾಯಿತು: ಅಂದಾಜು ಮತ್ತೆ ಅರ್ಧದ ಆಸುಪಾಸಿನಲ್ಲಿತ್ತು, ಗಮನಿಸಿದವರು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ. ಈ ಎರಡನೆಯ ಭಾಗ ಮೊದಲನೆಯದಕ್ಕಿಂತ ಹೆಚ್ಚು ಕಟುವಾದದ್ದೆಂದು ನನ್ನ ಅನಿಸಿಕೆ. ನಮ್ಮ ಅವಮಾನವನ್ನು ಜನ ಗಮನಿಸುವುದಿಲ್ಲ ಎಂಬುದು ಸಮಾಧಾನದ ಸುದ್ದಿ. ಬೆಲೆ ತೆತ್ತು ತಂದ ಬ್ರ್ಯಾಂಡನ್ನೂ ಗಮನಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಾಗಾದರೆ ‘ಎಲ್ಲರೂ ನೋಡುತ್ತಿದ್ದಾರೆ’ ಎಂಬ ಜನಪ್ರಿಯತೆಯಾದರೂ ಗುಣಮಟ್ಟದ ಸೂಚನೆಯೇ? ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಅಷ್ಟೇನೂ ಹೆಸರು ಮಾಡದ ತಂಡಗಳ 48 ಹಾಡುಗಳನ್ನು ಒಂದು ಜಾಲತಾಣದಲ್ಲಿಟ್ಟು, 14,341 ಜನ ಕೇಳುಗರನ್ನು ಬೇರೆಬೇರೆ ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿನವರಿಗೆ ಬೇರೆಯವರ ಆಯ್ಕೆ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಲ್ಲಿ ಇಡಲಾಗಿತ್ತು, ಅಲ್ಲಿ ತಮ್ಮ ಲೋಕದವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಎಂಬುದು ಕಾಣುತ್ತಿತ್ತು. ಹಾಡುಗಳು ಒಂದೇ ಆಗಿದ್ದರೂ ಎಂಟು ಲೋಕಗಳಲ್ಲಿ ಬೇರೆಬೇರೆ ಹಾಡುಗಳು ಗೆದ್ದವು. ಬೇರೆಯವರ ಆಯ್ಕೆ ಕಾಣದ ಗುಂಪಿನಲ್ಲಿ 26ನೆಯ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ತೀರಾ ಒಳ್ಳೆಯ ಹಾಡುಗಳು ಅಪರೂಪಕ್ಕಷ್ಟೇ ಹಿಂದೆ ಬಿದ್ದವು, ತೀರಾ ಕಳಪೆಯವು ಅಪರೂಪಕ್ಕಷ್ಟೇ ಮುಂದೆ ಬಂದವು. ನಡುವಿನವುಗಳ ಹಣೆಬರಹವನ್ನು ಬರೆದದ್ದು ಮೊದಲ ಕೆಲವರ ಆಕಸ್ಮಿಕ ಆಯ್ಕೆ. ಟ್ರೆಂಡಿಂಗ್ ಪಟ್ಟಿಯನ್ನು ನೋಡಿ ತನ್ನ ಅಭಿರುಚಿಯ ಬಗ್ಗೆ ಕೀಳರಿಮೆ ಬೆಳೆಸಿಕೊಂಡವರು ಈ ಎಂಟು ಲೋಕಗಳನ್ನು ನೆನೆಯಬಹುದು: ಎಂಟರಲ್ಲೂ ಕೇಳುಗರು ತಮ್ಮ ಲೋಕದ ಗೆದ್ದ ಹಾಡೇ ಗೆಲ್ಲಬೇಕಾಗಿತ್ತೆಂದು ನಂಬಿರಲು ಅಡ್ಡಿಯೇನಿರಲಿಲ್ಲ.

ತಾರೆಯರ ಮೇಲಿನ ಮೋಹ ಇದಕ್ಕಿಂತ ಸ್ವಲ್ಪ ಭಿನ್ನ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಷ್ಟು ಹಿಂದೆಯೇ, ಟಿವಿಯಲ್ಲಿ ನೇರವಾಗಿ ಕಣ್ಣಿಟ್ಟು ಮಾತಾಡುವ ನಿರೂಪಕರ ಜೊತೆ ವೀಕ್ಷಕರಿಗೆ ಬೆಳೆಯುವ ಏಕಮುಖ ಆಪ್ತತೆಯನ್ನು ವಿವರಿಸಿದ್ದರು. ಇಂದು ಆ ನಿರೂಪಕರ ಜಾಗದಲ್ಲಿ ತಮ್ಮ ಮಲಗುವ ಕೋಣೆಯಿಂದಲೇ ವಿಡಿಯೊ ಮಾಡುವವರು ಬಂದಿದ್ದಾರೆ, ಅಂತರ ಇನ್ನೂ ಕಡಿಮೆಯಾದಂತೆ ಕಾಣುತ್ತದೆ. ಇದನ್ನು ಭ್ರಮೆ ಎಂದು ತಳ್ಳಿಹಾಕುವುದು ಸರಿಯಲ್ಲ. ತಿರಸ್ಕಾರದ ಭಯವಿಲ್ಲದ ಈ ಆಪ್ತತೆಯಲ್ಲಿ ಯಾರೂ ಬ್ಲೂ ಟಿಕ್ ಕಾಯಬೇಕಿಲ್ಲ, ಅದೇ ಅದರ ಸೆಳೆತ. ಅದಕ್ಕೆ ತಗಲುವ ಖರ್ಚು ಬೇರೆ ದಾರಿಯಿಂದ ಬರುತ್ತದೆ: ಟಿಕೆಟ್ಟು, ಸಬ್‌ಸ್ಕ್ರಿಪ್ಷನ್, ತಾರೆಯ ಹೆಸರಿರುವ ಸಾಮಾನು. ಅಭಿಮಾನಿಗಳ ಗುಂಪಿನೊಳಗೆ ಯಾರು ಹೆಚ್ಚು ಕೊಂಡರು ಎಂಬ ಹೋಲಿಕೆ ಆರಂಭವಾದರೆ ನಾವು ಮತ್ತೆ ಆ ಆರು ಜನರ ಪ್ರವಾಸದ ಮಾತುಕತೆಗೇ ಬಂದು ನಿಂತಂತೆ.

ಇಂಥ ತಪ್ಪುಗ್ರಹಿಕೆಯನ್ನು ಒಡೆಯಲು ಬಹಳ ಜನ ಬೇಕಾಗಿಲ್ಲ. 1950ರ ದಶಕದಲ್ಲಿ ಸಾಲಮನ್ ಆ್ಯಷ್ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಂಥ ಸರಳ ಕೆಲಸದಲ್ಲೂ ಗುಂಪು ಒಮ್ಮತದಿಂದ ತಪ್ಪು ಹೇಳಿದಾಗ, ಒಂಟಿಯಾಗಿದ್ದವರ ಉತ್ತರಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಗುಂಪಿನ ಕಡೆಗೆ ವಾಲಿದ್ದವು. ಸರಿಯಾದ ಉತ್ತರ ಹೇಳುವ ಒಬ್ಬರೇ ಒಬ್ಬರು ಜೊತೆಗಿದ್ದರೂ ಈ ವಾಲಿಕೆ ಮೊದಲಿದ್ದುದರ ಕಾಲುಭಾಗಕ್ಕೆ ಇಳಿಯಿತು. ಪ್ರವಾಸದ ಗ್ರೂಪಿನಲ್ಲಿ ಫೋಟೊಗಳು ಬರುವ ಮುನ್ನವೇ ಒಬ್ಬರು ‘ನನ್ನ ಕೈಯಲ್ಲಿರುವುದು ಇಷ್ಟು’ ಎಂದು ಮೊತ್ತ ಬರೆದರೆ ಇದೇ ಕೆಲಸವಾಗುತ್ತದೆ. ಪ್ರಿನ್ಸ್‌ಟನ್ನಿನಲ್ಲಿಯೇ ಕ್ರಿಸ್ಟೀನ್ ಶ್ರೋಡರ್ ಮತ್ತು ಪ್ರೆಂಟಿಸ್ 1998ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಕೆಲವು ಗುಂಪುಗಳಿಗೆ ‘ಉಳಿದವರ ಮನಸ್ಸಿನ ಬಗ್ಗೆ ನಾವೆಲ್ಲ ತಪ್ಪು ತಿಳಿದಿರುತ್ತೇವೆ’ ಎಂಬುದನ್ನು ಚರ್ಚೆಯ ಮೂಲಕ ತಿಳಿಸಿದ್ದಷ್ಟರಿಂದಲೇ, ಹೊಣೆಯರಿತು ಕುಡಿಯುವ ಬಗ್ಗೆ ಚರ್ಚಿಸಿದ ಗುಂಪುಗಳಿಗಿಂತ ಅವರು ಕೆಲವು ತಿಂಗಳ ಬಳಿಕ ಕಡಿಮೆ ಕುಡಿಯುತ್ತಿದ್ದರು.

ಪ್ರೀತಿಗೆ ಮಾತ್ರ ಈ ಮದ್ದು ನಾಟುವುದು ಕಷ್ಟ. ಅಲ್ಲಿ ಇರುವುದು ಇಬ್ಬರೇ. ಹೆಸರು ಹೇಳದೆ ಅಭಿಪ್ರಾಯ ಸಂಗ್ರಹಿಸುವಂತಿಲ್ಲ, ಜೊತೆಗಾರರನ್ನು ಮುಂದೆ ಬಿಟ್ಟರೆ ಗೊಂದಲ ಹೆಚ್ಚುವ ಸಂಭವವೇ ಜಾಸ್ತಿ. ವಿದ್ಯಾರ್ಥಿಗಳು ಇದಕ್ಕೆ ಕಂಡುಕೊಂಡಿರುವ ಉಪಾಯವೆಂದರೆ ಹಾಡಿನ ಕೊಂಡಿ ಕಳಿಸುವುದು. ಅದಕ್ಕೆ ಖರ್ಚಿಲ್ಲ, ಕಳಿಸಿದವರ ಅಭಿರುಚಿ ಅದರಲ್ಲಿದೆ, ಹೇಳಬೇಕಾದದ್ದು ಸಾಹಿತ್ಯದ ಎರಡು ಸಾಲಿನಲ್ಲಿದೆ, ಮತ್ತು ಎದುರಿನವರು ಮುಖ ತಿರುಗಿಸಿದರೆ ‘ಬರೀ ಹಾಡು ಚೆನ್ನಾಗಿತ್ತು, ಕಳಿಸಿದೆ’ ಎನ್ನಬಹುದು. ಕೇಳಿದವರು ‘ಚೆನ್ನಾಗಿದೆ’ ಎಂದು ಉತ್ತರಿಸುತ್ತಾರೆ. ಹಾಡು ಚೆನ್ನಾಗಿದೆಯೋ, ಕಳಿಸಿದ್ದು ಚೆನ್ನಾಗಿದೆಯೋ ಎಂಬುದು ಆ ಒಂದು ಪದದಿಂದ ಗೊತ್ತಾಗುವುದಿಲ್ಲವಾದ್ದರಿಂದ, ಮರುದಿನ ಇನ್ನೊಂದು ಹಾಡನ್ನು ಹುಡುಕಬೇಕಾಗುತ್ತದೆ.